ದೋಣಿಯ ವೈರ್‌ಲೆಸ್ಸು, ಹೊಳೆ ಮೇಲೆ ಆಡಬಾರದ ಮಾತು

ದೋಣಿ ದಡ ಬಿಟ್ಟ ಮೇಲೆ ಮಾದಮ್ಮನ ಕೈಗೆ ಕೆಲಸ ಹತ್ತುತ್ತಿರಲಿಲ್ಲ.

ನಂಜನಗೂಡಿನಿಂದ ಕೆಳಗೆ, ಕಪಿಲೆಯ ದಡದ ಚಿಕ್ಕ ಊರು ಅದು. ಆಚೆ ದಡದಲ್ಲಿ ಟಿ. ನರಸೀಪುರದ ಬಸ್ಸು ಸಿಗುತ್ತದೆ, ನಾಟಿ ಕೆಲಸ ಸಿಗುತ್ತದೆ. ಕಾಲೇಜಿಗೆ ಹೋಗುವವರು, ಕೂಲಿಗೆ ಹೋಗುವ ಹೆಂಗಸರು ಎಲ್ಲರೂ ಶಿವಮೂರ್ತಿಯ ಮೋಟಾರ್ ದೋಣಿಯನ್ನೇ ಹತ್ತಬೇಕು. ಶಿವಮೂರ್ತಿ ಮಾದಮ್ಮನ ಗಂಡ. ಅವರ ಒಬ್ಬಳೇ ಮಗಳು ಪವಿತ್ರ ಟಿ. ನರಸೀಪುರದಲ್ಲಿ ಪಿಯುಸಿ ಓದುತ್ತಾಳೆ. ಬೆಳಗ್ಗೆ ಅಪ್ಪನ ದೋಣಿಯಲ್ಲಿ ಹೋಗುತ್ತಾಳೆ, ಸಂಜೆ ಅಪ್ಪನ ದೋಣಿಯಲ್ಲೇ ಬರುತ್ತಾಳೆ.

ದೋಣಿ ಹೊಳೆಯನ್ನು ನೇರವಾಗಿ ದಾಟುವುದಿಲ್ಲ. ನಡುವೆ ಮರಳಿನ ದಿಬ್ಬ ಇದೆ. ಅದನ್ನು ಬಳಸಿಕೊಂಡು, ಹಳೆಯ ಪಂಪ್‌ಹೌಸಿನ ಮುಂದಿನ ತಿರುವು ಸುತ್ತಿ ಹೋಗಬೇಕು. ತಿರುವಿನಲ್ಲಿ ದೋಣಿ ಮರೆಯಾಗುತ್ತದೆ. ಆಮೇಲೆ ದಡದಲ್ಲಿ ನಿಂತವರಿಗೆ ಇಂಜಿನ್ನಿನ ಸದ್ದು ಮಾತ್ರ. ಗಾಳಿ ತಿರುಗಿದರೆ ಅದೂ ಇಲ್ಲ. ಮೊಬೈಲ್ ಫೋನು ನಂಜನಗೂಡಿಗೆ ಬಂದಿದೆ, ನಿಜ. ಹೊಳೆಗೆ ಇಳಿದರೆ ಅದಕ್ಕೆ ಸಿಗ್ನಲ್ ಸಿಗುವುದಿಲ್ಲ.

ಆ ಬೇಸಗೆಯಲ್ಲಿ ಮಾದಮ್ಮನ ತಮ್ಮ ಮದನ್ ಬಂದ. ಅವನು ಮಂಗಳೂರಿನ ಬಂದರಿಗೆ ಲಾರಿ ಓಡಿಸುವವನು. ಚೀಲದಿಂದ ಎರಡು ಕರಿಯ ವೈರ್‌ಲೆಸ್ ಸೆಟ್ಟು ತೆಗೆದು ಅಕ್ಕನ ಮುಂದೆ ಇಟ್ಟ.

"ಮೀನಿನ ಬೋಟ್ನೋರು ಇದಿಲ್ದೆ ಸಮುದ್ರಕ್ಕೆ ಇಳಿಯಾಕಿಲ್ಲ ಕಣಕ್ಕ. ಒಂದು ಭಾವನ ಕೈಲಿರ್ಲಿ, ಒಂದು ನಿನ್ ಕೈಲಿರ್ಲಿ. ಈ ಗುಂಡಿ ಅದುಮಿ ಮಾತಾಡು, ಬುಟ್ಟು ಕೇಳುಸ್ಕೊ. ಇನ್ಮೇಲೆ ದಡದಲ್ಲಿ ನಿಂತ್ಕಂಡು ಕತ್ತು ಉದ್ದ ಮಾಡಂಗಿಲ್ಲ."

"ಯಾವ ಅಂಗಡೀಲಿ ತಕ್ಕಂಡೆ?"

"ಅಂಗಡಿ ಯಾಕೆ? ಗೊತ್ತಿರೋರು ಕೊಟ್ರು."

ಮಾದಮ್ಮ ಮತ್ತೆ ಕೇಳಲಿಲ್ಲ. ಮಗಳು ಎಲ್ಲಿದ್ದಾಳೆ ಅಂತ ತಿಳಿದರೆ ಸಾಕಾಗಿತ್ತು ಅವಳಿಗೆ.

ಮೊದಲ ದಿನಗಳಲ್ಲಿ ಅದೊಂದು ಸಂಭ್ರಮ. ಹೊಳೆಯ ನಡುವಿನಿಂದ ಶಿವಮೂರ್ತಿ ಕೇಳುತ್ತಿದ್ದ, "ಅಲೋ ಅಲೋ, ಇವತ್ತೇನು ಸಾರು?"

"ಉಪ್ಸಾರು."

"ನೆನ್ನೇನೂ ಅದೇಯಲ್ಲ."

"ನಾಳೇನೂ ಅದೇಯ. ದೋಣಿ ನೋಡ್ಕಂಡು ನಡ್ಸು."

ದೋಣಿಯಲ್ಲಿದ್ದವರೆಲ್ಲ ನಗುತ್ತಿದ್ದರು. ಪಕ್ಕದ ಮನೆಯ ಚೆಲುವಯ್ಯನಿಗೂ ಒಂದು ಸಣ್ಣ ಮೋಟಾರ್ ದೋಣಿ ಇತ್ತು, ಮೀನು ಹಿಡಿಯಲು. ಅವನು ಬಿಡುವಾದಾಗ ಮಾದಮ್ಮನ ಕೈಯಿಂದ ಸೆಟ್ಟು ಕಿತ್ತುಕೊಂಡು ಅದರೊಳಗೆ ಪದ ಹೇಳುತ್ತಿದ್ದ. ಸೆಟ್ಟು ಬಂದಾಗ ಹದಿನಾರನೇ ಚಾನೆಲ್ಲಿನಲ್ಲಿತ್ತು. ಯಾರೂ ಅದನ್ನು ಬದಲಿಸಲಿಲ್ಲ. ಉಪ್ಸಾರು, ಪದ, ಚಾಡಿ ಎಲ್ಲ ಅದರಲ್ಲೇ ಹರಿಯಿತು.

ಮಳೆಗಾಲ ಶುರುವಾಗುವ ಹೊತ್ತಿಗೆ ಯಶೋಧರಾ ಊರಿಗೆ ಬಂದಳು. ಅವಳು ಅದೇ ಬೀದಿಯ ಪುಟ್ಟಬಸವಯ್ಯನ ಮಗಳು, ನೀರಾವರಿ ಇಲಾಖೆಯಲ್ಲಿ ವೈರ್‌ಲೆಸ್ ಆಪರೇಟರ್. ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರು ಅನ್ನುವ ಸುದ್ದಿಯನ್ನು ಕೇಳಿ, ಮುಂದಿನವರಿಗೆ ದಾಟಿಸುವುದು ಅವಳ ಕೆಲಸ. ಶಿವಮೂರ್ತಿಯ ಜಗಲಿಯಲ್ಲಿ ಸೆಟ್ಟು ನೋಡಿದ ಕೂಡಲೇ ಅವಳ ಮುಖ ಬದಲಾಯಿತು.

"ಅಣ್ಣ, ಇದರ ಲೈಸೆನ್ಸ್ ಎಲ್ಲಿ?"

"ಯಾವ ಲೈಸೆನ್ಸು? ಇದೇನ್ ಬಂದೂಕೇನವ್ವ?"

"ಬಂದೂಕಿನ ಹಾಗೇ ಅಂದ್ಕೊಳ್ಳಿ. ಇಂಥ ಸೆಟ್ಟನ್ನ ಬಳಸೋಕೆ ಮಾತ್ರ ಅಲ್ಲ, ಮನೇಲಿ ಇಟ್ಕೊಳ್ಳೋಕೂ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಇಲ್ಲದೆ ಇದ್ರೆ ಕೇಸಾಗುತ್ತೆ. ಸೆಟ್ಟೂ ಹೋಗುತ್ತೆ."

"ನಮ್ಮೊಳೆ, ನಮ್ಮ ದೋಣಿ, ನಮ್ಮ ಬಾಯಿ. ಗಾಳೀಲಿ ಮಾತಾಡಾಕೆ ಸರ್ಕಾರ ಯಾಕೆ?"

"ಗಾಳೀಲಿ ನೀವೊಬ್ರೇ ಇಲ್ಲ ಅಣ್ಣ. ಪೊಲೀಸ್ನೋರು ಇದಾರೆ, ಅಣೆಕಟ್ಟಿನೋರು ಇದಾರೆ. ಯಾರು ಯಾವ ಚಾನೆಲ್ ಅಂತ ಹಂಚಿಕೊಟ್ಟಿದಾರೆ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತು ಹರಟಿದ್ರೆ, ನೀರು ಬಿಟ್ಟಿದೀವಿ ಅನ್ನೋ ಮಾತೇ ಕೇಳಿಸದೆ ಹೋಗಬಹುದು. ಇದು ಹದಿನಾರಕ್ಕಿದೆ ನೋಡಿ. ಸಮುದ್ರದಲ್ಲಿ ಅದು ಅಪಾಯದ ಕರೆಗೆ ಮೀಸಲು. ಅಲ್ಲಿ ಹಗಲೂ ರಾತ್ರಿ ಕಿವಿಗೊಟ್ಟು ಕೂತಿರ್ತಾರೆ. ನಮ್ಮ ಹೊಳೇಲಿ ಕೂಗಿದ್ರೆ ಕೇಳಿಸ್ಕೊಳ್ಳೋರು ಯಾರು? ಮಾದಕ್ಕ ಒಬ್ಬಳೇ. ಅವಳು ಹಿತ್ತಲಿಗೆ ಹೋಗಿದ್ರೆ ಅವಳೂ ಇಲ್ಲ."

ಮಾದಮ್ಮ ಹಿತ್ತಲ ಬಾಗಿಲ ಕಡೆ ತಿರುಗಿ ನೋಡಿದಳು. ದಿನಾ ಅವಳು ಹಿತ್ತಲಿಗೆ ಹೋಗುತ್ತಿದ್ದಳು.

"ಅಂಗಾದ್ರೆ ಏನ್ ಮಾಡ್ಬೇಕು ಯಶೋಧಾ?" ಎಂದು ಕೇಳಿದಳು.

"ಸೆಟ್ಟು ಆಫ್ ಮಾಡಿ ಎತ್ತಿಡಿ. ದೋಣಿಯೋರೆಲ್ಲ ಒಂದು ಸಂಘ ಅಂತ ಸೇರಿ ಅರ್ಜಿ ಹಾಕಿ, ನಾನು ಬರೆದು ಕೊಡ್ತೀನಿ. ಆದ್ರೆ ಪ್ರಾಣಕ್ಕೆ ಬಂದ ದಿನ ಕೈಲಿರೋದನ್ನ ಬಿಡಬೇಡಿ. ಅವತ್ತು ಹೇಗೆ ಕೂಗಬೇಕು ಅನ್ನೋದನ್ನ ಈಗಲೇ ಕಲೀರಿ."

ಅವಳು ಸೆಟ್ಟನ್ನು ಬಾಯಿಂದ ಸ್ವಲ್ಪ ದೂರ ಹಿಡಿದು ತೋರಿಸಿದಳು. ಗುಂಡಿ ಅದುಮಿ ಒಂದು ಉಸಿರು ತಡೆದು ಆಮೇಲೆ ಮಾತಾಡಬೇಕು, ಇಲ್ಲದಿದ್ದರೆ ಮೊದಲ ಮಾತು ತುಂಡಾಗುತ್ತದೆ. ಮುಗಿದ ಕೂಡಲೇ ಹೆಬ್ಬೆರಳು ಎತ್ತಬೇಕು. ಎತ್ತದಿದ್ದರೆ ಆ ಕಡೆಯವರ ಮಾತು ಬರುವುದೇ ಇಲ್ಲ.

ಬಾಗಿಲ ಬಳಿ ನಿಂತಿದ್ದ ಪವಿತ್ರ ಹತ್ತಿರ ಬಂದು ಕೂತಳು. ಯಶೋಧರಾ ಮುಂದುವರಿಸಿದಳು.

"ಕಾಪಾಡಿ ಅನ್ನೋದಕ್ಕೆ ಸಮುದ್ರದೋರು ಮೇಡೇ ಅಂತ ಮೂರು ಸಲ ಕೂಗ್ತಾರೆ. ಆಮೇಲೆ ಯಾರು, ಎಲ್ಲಿ, ಏನಾಗಿದೆ, ಎಷ್ಟು ಜನ, ಏನು ಬೇಕು. ಸುತ್ತಿ ಬಳಸಿ ಹೇಳಬಾರದು. ದೋಣಿ ಮುಳುಗ್ತಾ ಇದ್ರೆ ಮುಳುಗ್ತಾ ಇದೆ ಅಂತಲೇ ಹೇಳಬೇಕು."

ಒಳಗಿನಿಂದ ಶಿವಮೂರ್ತಿಯ ತಾಯಿ ಮುದ್ದಮ್ಮನ ದನಿ ಬಂತು. "ಆ ಮಾತ ಈ ಮನೇಲಿ ಆಡಬ್ಯಾಡ ಕಣವ್ವ."

ಮುದ್ದಮ್ಮನ ಗಂಡ, ಮಾವ ಎಲ್ಲರೂ ಅದೇ ಹೊಳೆಯಲ್ಲಿ ದೋಣಿ ನಡೆಸಿದವರು. ಅವರ ಮನೆಯಲ್ಲಿ ಒಂದು ಕಟ್ಟು ಇತ್ತು. ನೀರಿನ ಮೇಲೆ ಇರುವಾಗ ಮುಳುಗುವ ಮಾತು ಆಡಕೂಡದು, ಮನೆಯಲ್ಲೂ ಅಷ್ಟೇ. ದೋಣಿಗೆ ನೀರು ಬಂದರೆ ಮೊಗೆದು ಚೆಲ್ಲಬೇಕು. ಬಾಯಿ ಬಿಟ್ಟು ಹೇಳಿದರೆ ಗಂಗಮ್ಮನನ್ನು ಕರೆದ ಹಾಗೆ.

"ಅಜ್ಜಿ, ಹೇಳದೆ ಇದ್ರೆ ಯಾರಿಗೆ ಗೊತ್ತಾಗ್ಬೇಕು?" ಎಂದಳು ಯಶೋಧರಾ.

"ನನ್ ಗಂಡ ನಲವತ್ತು ವರ್ಷ ದೋಣಿ ಒಡ್ದ. ಒಂದಿನಾನೂ ಆ ಮಾತು ಆಡ್ನಿಲ್ಲ. ಬದುಕಿದ್ದ."

ಶಿವಮೂರ್ತಿ ನಕ್ಕ. "ಆಯ್ತು ಕಣವ್ವ ಯಶೋಧಾ, ಅರ್ಜಿ ಬರ್ಕೊಡು, ಹಾಕವ." ಆದರೆ ಸೆಟ್ಟು ಎತ್ತಿಡಲಿಲ್ಲ. ಮಾರನೆಯ ದಿನವೂ ಸಾರಿನ ಮಾತು ನಡೆಯಿತು.

ಮೇಲಿನ ಕಬಿನಿ ಅಣೆಕಟ್ಟೆ ತುಂಬಿತು. ನೀರು ಬಿಡುತ್ತಾರೆ, ದಡದವರು ಎಚ್ಚರ ಎಂದು ಬೆಳಗ್ಗೆಯೇ ತಮಟೆ ಸಾರಿತು. ಮಧ್ಯಾಹ್ನಕ್ಕೆ ಹೊಳೆ ಕೆಂಪಾಗಿತ್ತು. ತಮಟೆಗೂ ಮೊದಲೇ ನಾಟಿಗೆ ದಾಟಿದ್ದ ಹೆಂಗಸರು ಆಚೆ ದಡದಲ್ಲಿ ಉಳಿದಿದ್ದರು. ಕಾಲೇಜು ಮುಗಿಸಿದ ಪವಿತ್ರಳೂ ಅಲ್ಲೇ ಇದ್ದಳು.

"ಇದೊಂದು ಸಲ ಓಗಿ ಕರ್ಕಂಡು ಬಂದ್ಬುಡ್ತೀನಿ. ಆಮೇಲೆ ದೋಣಿ ಕಟ್ಟಾಕ್ತೀನಿ," ಎಂದ ಶಿವಮೂರ್ತಿ.

ಬೇಡ ಎನ್ನಲು ಮಾದಮ್ಮನಿಗೆ ಬಾಯಿ ಬರಲಿಲ್ಲ. ಮಗಳು ಆ ಕಡೆ ಇದ್ದಳು. ಅವಳು ಸೆಟ್ಟನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಂಡು ಕೂತಳು. ಹಿತ್ತಲಿಗೆ ಹೋಗಲಿಲ್ಲ. ದೋಣಿ ಆಚೆ ದಡ ಮುಟ್ಟಿದ ಸುದ್ದಿ ಬಂತು. ಎಲ್ಲರನ್ನೂ ಹತ್ತಿಸಿಕೊಂಡ ಸುದ್ದಿಯೂ ಬಂತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹೊರಗೆ ಸಣ್ಣಗೆ ಮಳೆ ಹಿಡಿಯಿತು.

ಸೆಟ್ಟು ಗೊರಗುಟ್ಟಿತು. "...ಯ್ಯ ಮನೇಲವನಾ?"

ಮೊದಲ ಮಾತು ತುಂಡಾಗಿತ್ತು. ಆದರೂ ಯಾರನ್ನು ಕೇಳುತ್ತಿದ್ದಾನೆ ಅಂತ ಮಾದಮ್ಮನಿಗೆ ತಿಳಿಯಿತು. "ಚೆಲುವಯ್ಯನಾ? ಅವ್ನೆ. ಈಗ ತಾನೆ ಉಣ್ಣಾಕೆ ಕುಂತ. ಯಾಕೆ?"

"ಏನಿಲ್ಲ. ಒಸಿ ದೋಣಿ ತಕ್ಕಂಡು ಬರಾಕೇಳು."

"ಎಲ್ಲಿಗೆ?"

"ಇಲ್ಲೇಯ. ಸುಮ್ನೆ ಬರಾಕೇಳು."

ಮಾದಮ್ಮ ಗೋಡೆಯ ಆಚೆಗೆ ಕೂಗಿ ಹೇಳಿದಳು. ಚೆಲುವಯ್ಯ ಮುದ್ದೆ ಮುರಿಯುತ್ತಲೇ ಉತ್ತರ ಕೊಟ್ಟ, "ಎಣ್ಣೆ ಖಾಲಿ ಮಾಡ್ಕಂಡಿರ್ತಾನೆ. ಉಂಡು ಓಯ್ತೀನಿ ಕಣಕ್ಕ. ಓಡೋಯ್ತಾನಾ?"

ದೋಣಿಯಲ್ಲಿ ಆಗಿದ್ದು ಇದು. ಪ್ರವಾಹದಲ್ಲಿ ತೇಲಿ ಬಂದ ಹರಕು ಬಲೆಯೊಂದು ಇಂಜಿನ್ನಿನ ರೆಕ್ಕೆಗೆ ಸುತ್ತಿಕೊಂಡಿತು. ಇಂಜಿನ್ ನಿಂತಿತು. ಸೆಳೆತ ದೋಣಿಯನ್ನು ಎಳೆದುಕೊಂಡು ಹೋಗಿ ಪಂಪ್‌ಹೌಸಿನ ಕಲ್ಲಿಗೆ ಬಡಿಯಿತು. ತಳದ ಹಲಗೆ ಸೀಳಿತು. ಹೆಂಗಸರು ಬುತ್ತಿ ಡಬ್ಬಿಗಳಲ್ಲಿ ನೀರು ಮೊಗೆಯುತ್ತಿದ್ದರು. ಚೆಲ್ಲಿದಷ್ಟೂ ಬರುತ್ತಿತ್ತು. ದೋಣಿ ಆಚೆ ದಡದ ಕಡೆಗೆ ವಾಲಿಕೊಂಡು ಕೆಳಕ್ಕೆ ಹೋಗುತ್ತಿತ್ತು.

"ಅಪ್ಪ, ನೀರು ನುಗ್ಗುತಾ ಅದೆ ಅಂತ ಹೇಳು," ಎಂದಳು ಪವಿತ್ರ.

"ಸುಮ್ಕಿರು. ಎಂಗಸ್ರು ಎದರ್ಕತಾರೆ."

"ಅವರ ಕಾಲೇ ನೀರಲ್ಲಿ ಅದೆ ಕಣಪ್ಪ."

ಡಬ್ಬಿ ಹಿಡಿದಿದ್ದ ಗುರುಸಿದ್ದಮ್ಮ ಬಗ್ಗಿದಲ್ಲಿಂದಲೇ ಹೇಳಿದಳು. "ನಾವು ಎದರ್ಕಂಡಾಯ್ತು ಮೂರ್ತಿ. ಇನ್ನೇನದೆ, ಹೇಳು."

ಶಿವಮೂರ್ತಿಯ ತುಟಿ ಅಲುಗಿತು. ಮಾತು ಹೊರಡಲಿಲ್ಲ. ಅಪ್ಪ, ತಾತ ಆಡದೆ ಉಳಿಸಿದ ಮಾತು ಅದು. ಅದರ ಜೊತೆಗೆ ಸೆಟ್ಟು ಟುಕ್ ಟುಕ್ ಎನ್ನತೊಡಗಿತು. ಬೆಳಗ್ಗೆಯಿಂದ ಹರಟಿದ್ದಕ್ಕೆ ಬ್ಯಾಟರಿ ಮುಗಿಯುತ್ತ ಬಂದಿತ್ತು.

ಈ ಕಡೆ ಮಾದಮ್ಮ ಒಲೆಯ ಮುಂದೆ ಕೂತೇ ಇದ್ದಳು. ಏನೋ ಸರಿ ಇಲ್ಲ ಅನ್ನಿಸುತ್ತಿತ್ತು. ಗಂಡ ಸಾರು ಏನು ಅಂತ ಕೇಳಲಿಲ್ಲ. ಅವನ ಮಾತಿನ ಹಿಂದೆ ಇಂಜಿನ್ನಿನ ಸದ್ದು ಇರಲಿಲ್ಲ. ಡಬ್ಬಿ ಮರಕ್ಕೆ ಉಜ್ಜಿದ ಸದ್ದು ಇತ್ತು, ಮತ್ತೆ ನೀರು ಸುರಿದ ಸದ್ದು. ಅವಳು ಸೆಟ್ಟು ಎತ್ತಿಕೊಂಡಳು.

"ಏನಾಯ್ತು? ಪವಿತ್ರ ಅವ್ಳಾ? ಇಂಜಿನ್ ಯಾಕೆ ನಿಂತದೆ? ನೀರು ಬಂದದಾ? ಮಾತಾಡು. ಯಾಕೆ ಮಾತಾಡ್ತಿಲ್ಲ?"

ಉತ್ತರ ಇಲ್ಲ. ಮತ್ತೆ ಕೇಳಿದಳು. ಮತ್ತೂ ಇಲ್ಲ. ಆಮೇಲೆ ತನ್ನ ಕೈ ನೋಡಿಕೊಂಡಳು. ಹೆಬ್ಬೆರಳು ಗುಂಡಿಯ ಮೇಲೆ ಬೆಳ್ಳಗಾಗುವಷ್ಟು ಅದುಮಿಕೊಂಡಿತ್ತು. ಅಷ್ಟು ಹೊತ್ತೂ ಆ ಕಡೆಯ ಮಾತಿಗೆ ಅವಳೇ ಅಡ್ಡ ಕೂತಿದ್ದಳು.

ಅವಳು ಬೆರಳು ಎತ್ತಿದಳು.

ಒಂದು ಕ್ಷಣ ಗೊರಗೊರ. ಆಮೇಲೆ ಮಗಳ ದನಿ ಬಂತು. ಪವಿತ್ರ ಅಪ್ಪನ ಕೈಯಿಂದ ಸೆಟ್ಟು ತೆಗೆದುಕೊಂಡಿದ್ದಳು.

"ಅವ್ವ, ಪವಿತ್ರ ಮಾತಾಡ್ತಿರೋದು. ದೋಣಿ ಮುಳುಗ್ತಾ ಅದೆ. ಪಂಪ್‌ಹೌಸ್ ದಾಟಿ ಕೆಳಕ್ಕೆ ಬಂದಿದ್ದೀವಿ. ಆಚೆ ದಡದ ಜಾಲಿ ಗಿಡಗಳ ಕಡೆಗೆ ಓಯ್ತಾ ಇದೀವಿ. ಇಂಜಿನ್ ನಿಂತದೆ. ಅಪ್ಪನೂ ಸೇರಿ ಹನ್ನೊಂದು ಜನ. ಚೆಲುವಯ್ಯ ಮಾವ ಅಗ್ಗ, ಟ್ಯೂಬು ತಕ್ಕಂಡು ಬರ್ಬೇಕು. ಈಗ್ಲೇ ಬರ್ಬೇಕು. ಕೇಳಿಸ್ತಾ?"

ಮಾದಮ್ಮ ಗುಂಡಿ ಅದುಮಿ ಒಂದು ಉಸಿರು ತಡೆದಳು. "ಕೇಳಿಸ್ತು ಮಗ. ಪಂಪ್‌ಹೌಸಿಂದ ಕೆಳಕ್ಕೆ, ಆಚೆ ದಡದ ಜಾಲಿ ಗಿಡ. ಹನ್ನೊಂದು ಜನ. ಅಗ್ಗ, ಟ್ಯೂಬು. ಕಳಿಸ್ತೀನಿ."

"ಔದು ಅವ್ವ, ಅದೇಯ—"

ದೋಣಿಯ ಸೆಟ್ಟು ಸತ್ತಿತು.

ಮಾದಮ್ಮ ಏಳುವಷ್ಟರಲ್ಲಿ ಮುದ್ದಮ್ಮ ಎದ್ದಾಗಿತ್ತು. ಮೊಣಕಾಲು ನೋವಿನ ಮುದುಕಿ ಕೋಲು ಬಿಟ್ಟು ಮಳೆಯಲ್ಲೇ ಚೆಲುವಯ್ಯನ ಬಾಗಿಲಿಗೆ ಹೋಗಿ ನಿಂತಳು.

"ಏಳ್ಲಾ ಚೆಲುವ. ದೋಣಿ ಮುಳುಗ್ತಾ ಅದೆ. ನನ್ ಮೊಮ್ಮಗಳು ಅದ್ರಲ್ಲಿ ಅವ್ಳೆ."

ಆ ಮಾತನ್ನು ಆ ಬಾಯಲ್ಲಿ ಕೇಳಿದ ಚೆಲುವಯ್ಯ ಕೈ ತೊಳೆಯಲಿಲ್ಲ. ಎಂಜಲು ಕೈಯಲ್ಲೇ ಹಗ್ಗ ಹಿಡಿದು ಓಡಿದ. ಹಿಂದೆ ಮಾದಮ್ಮ ಅವನ ಜಗಲಿಯಲ್ಲಿದ್ದ ಗಾಳಿ ತುಂಬಿದ ಟೈರ್ ಟ್ಯೂಬುಗಳನ್ನು ಹೊತ್ತು ಓಡಿದಳು. ಎಲ್ಲಿ ಅನ್ನುವುದನ್ನು ಓಡುತ್ತಲೇ ಹೇಳಿದಳು. ಅದು ತಿಳಿಯದೆ ಹೋಗಿದ್ದರೆ ಅವನು ದಿನನಿತ್ಯದ ದಾರಿ ಹಿಡಿದು ದಿಬ್ಬದ ಕಡೆ ಹುಡುಕುತ್ತಿದ್ದ. ದೋಣಿ ಅಲ್ಲಿರಲಿಲ್ಲ.

ಆಮೇಲಿನ ಕಾಯುವಿಕೆಯನ್ನು ಬರೆಯುವುದು ಕಷ್ಟ. ಮಾದಮ್ಮ ಸದ್ದಿಲ್ಲದ ಸೆಟ್ಟನ್ನು ಕಿವಿಗೆ ಒತ್ತಿಕೊಂಡು ದಡದಲ್ಲಿ ನಿಂತಿದ್ದಳು. ಮುದ್ದಮ್ಮ ನೆನೆದ ಮಣ್ಣಿನ ಮೇಲೆಯೇ ಕೂತಿದ್ದಳು. ಹೊಳೆಯಲ್ಲಿ ಬಾಳೆಗಿಡಗಳು, ಒಂದು ಗುಡಿಸಲಿನ ಗರಿ, ಯಾರದೋ ಮರದ ಪೆಟ್ಟಿಗೆ ತೇಲಿ ಹೋದವು. ಪ್ರತಿಯೊಂದನ್ನೂ ಇಬ್ಬರೂ ಕಣ್ಣು ಕಿರಿದು ಮಾಡಿ ನೋಡಿದರು.

ಚೆಲುವಯ್ಯ ಹೋಗಿ ಮುಟ್ಟಿದಾಗ ಶಿವಮೂರ್ತಿಯ ದೋಣಿಯ ಅಂಚು ನೀರಿಗೆ ಸಮನಾಗಿತ್ತು. ಜಾಲಿಯ ಕೊಂಬೆ ಹಿಡಿದುಕೊಂಡು ಕೆಲವರು ನೇತಾಡುತ್ತಿದ್ದರು. ಮುಳ್ಳಿಗೆ ಅವರ ಕೈಯೆಲ್ಲ ರಕ್ತ. ಅವನು ಮರಕ್ಕೆ ಹಗ್ಗ ಕಟ್ಟಿದ, ಟ್ಯೂಬು ಕೊಟ್ಟ, ಒಬ್ಬೊಬ್ಬರನ್ನಾಗಿ ಆಚೆ ದಡಕ್ಕೇ ಏರಿಸಿದ. ಕೊನೆಗೆ ಶಿವಮೂರ್ತಿ. ಅಷ್ಟರಲ್ಲಿ ದೋಣಿ ಕಾಣದಾಯಿತು.

ಹನ್ನೊಂದು ಜನವೂ ಬದುಕಿದರು. ಚೆಲುವಯ್ಯ ವಾಪಸ್ಸು ಬಂದು ದಡದಲ್ಲಿ ಕಾಯುತ್ತಿದ್ದವರಿಗೆ ಸುದ್ದಿ ಹೇಳಿದ. ದೋಣಿಯವರೆಲ್ಲ ಆ ರಾತ್ರಿ ಆಚೆ ದಡದ ಶಾಲೆಯಲ್ಲಿ ಉಳಿದು, ಮಾರನೆಯ ದಿನ ನಂಜನಗೂಡಿನ ಸೇತುವೆ ಬಳಸಿ ಬಸ್ಸಿನಲ್ಲಿ ಊರಿಗೆ ಬಂದರು. ಬಸ್ಸಿಳಿದ ಮಗಳ ಮುಖವನ್ನು ಮಾದಮ್ಮ ಎರಡು ಕೈಯಲ್ಲಿ ಹಿಡಿದಳು. ಬಹಳ ಹೊತ್ತು ಬಿಡಲಿಲ್ಲ.

ಯಶೋಧರಾ ಸುದ್ದಿ ಕೇಳಿ ಬಂದಳು. ಜಗಲಿಯಲ್ಲಿ ಶಿವಮೂರ್ತಿ ತಲೆ ತಗ್ಗಿಸಿ ಕೂತಿದ್ದ. ಪಕ್ಕದಲ್ಲಿ ಮಾದಮ್ಮನ ಸೆಟ್ಟು ಇತ್ತು. ಅವನದನ್ನು ಪವಿತ್ರ ದುಪಟ್ಟಾದಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದಳು.

"ಇವನ್ನ ಠಾಣೆಗೆ ಕೊಟ್ಟುಬಿಡೋಣ ಅಣ್ಣ. ನಾನೂ ಬರ್ತೀನಿ," ಎಂದಳು ಯಶೋಧರಾ.

"ನಮ್ಮ ಜೀವ ಉಳಿಸಿದ ಸೆಟ್ಟು ಕಣವ್ವ. ಕೊಟ್ಬುಡು ಅಂತೀಯ?"

"ಸೆಟ್ಟು ಕೈಲಿದ್ದೂ ನೀವು ಎಷ್ಟು ಹೊತ್ತು ಕಳೆದ್ರಿ, ಯೋಚ್ನೆ ಮಾಡಿ. ಬ್ಯಾಟರಿ ಇನ್ನೊಂದು ಮಾತಿನಷ್ಟು ಮೊದಲೇ ಸತ್ತಿದ್ರೆ?"

ಶಿವಮೂರ್ತಿ ಸೆಟ್ಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಮಾತಾಡಿದ್ದು ಮುದ್ದಮ್ಮ.

"ಕೊಟ್ಬುಡ್ಲಾ ಮೂರ್ತಿ. ಕಳ್ಳಮಾಲು ಇಟ್ಕಂಡು ಒಳೆ ಮೇಲೆ ಓಗ್ಬ್ಯಾಡ. ಸರಿಯಾದ್ದ ತಕ್ಕೊ. ಮತ್ತೆ ನೀನು ಬಾಯಿ ಬಿಡಾದ ಕಲಿ. ನಿಮ್ಮಪ್ಪನ ಕಾಲದಲ್ಲಿ ಕೂಗಿದ್ರೂ ಕೇಳಾಕೆ ಯಾರಿದ್ರು, ಅದುಕ್ಕೆ ಸುಮ್ಕಿದ್ರು."

ಠಾಣೆಯಲ್ಲಿ ಬೈದರು, ಬರೆಸಿಕೊಂಡರು, ಸೆಟ್ಟು ಇಟ್ಟುಕೊಂಡರು. ತಾನಾಗಿ ತಂದು ಒಪ್ಪಿಸಿದ್ದರಿಂದ ಎಚ್ಚರಿಕೆ ಕೊಟ್ಟು ಕಳಿಸಿದರು. ಮದನ್‌ಗೂ ಸುದ್ದಿ ಹೋಯಿತು, ಇನ್ನು ಬಿಲ್ಲಿಲ್ಲದ ಸಾಮಾನು ತರಬೇಡ ಅಂತ. ದೋಣಿಯವರೆಲ್ಲ ಸಂಘ ಮಾಡಿ ಅರ್ಜಿ ಹಾಕಿದರು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಆವರೆಗೆ ಸಂಘದ ಪ್ರತಿ ದೋಣಿಯಲ್ಲೂ ಒಂದು ಗಟ್ಟಿ ಸೀಟಿ, ಎಲ್ಲರಿಗೂ ಸಾಕಾಗುವ ಲೈಫ್ ಜಾಕೆಟ್ಟು. ಹೊಳೆ ಕೆಂಪಾದ ದಿನ ದೋಣಿ ಬಿಡುವುದಿಲ್ಲ. ಲೈಸೆನ್ಸ್ ಬಂದ ಮೇಲೆ ಪರವಾನಗಿ ಇರುವ ಅಂಗಡಿಯಿಂದ ಸೆಟ್ಟು ಬಂತು, ಸಂಘಕ್ಕೆ ಗೊತ್ತುಮಾಡಿದ ಚಾನೆಲ್ಲು ಬಂತು. ದೋಣಿ ನೀರಿನಲ್ಲಿ ಇರುವಷ್ಟು ಹೊತ್ತು ದಡದಲ್ಲಿ ಒಬ್ಬರು ಸೆಟ್ಟಿನ ಮುಂದೆ ಕೂರುತ್ತಾರೆ. ಸರದಿಯ ಮೇಲೆ, ಸ್ವಸಹಾಯ ಗುಂಪಿನ ಹೆಂಗಸರು. ಹರಟೆ ಇಲ್ಲ. ಚೆಲುವಯ್ಯನಿಗೆ ಪದ ಹೇಳಲು ಈಗ ಜಾಗವಿಲ್ಲ ಅನ್ನುವುದೊಂದೇ ಅವನ ದೂರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ. ಹೊಳೆಯಲ್ಲೋ ಹಿನ್ನೀರಿನಲ್ಲೋ ದೋಣಿ ನಡೆಸುವವರು ನಿಮ್ಮ ಮನೆಯಲ್ಲೂ ಇರಬಹುದು. ವೈರ್‌ಲೆಸ್ ಸೆಟ್ಟು ಬೇಕಾದರೆ ಮೊದಲು ಲೈಸೆನ್ಸ್ ಕೇಳಿ ಪಡೆಯಿರಿ. ಯಾರೋ ಕೈಗೆ ಕೊಟ್ಟದ್ದನ್ನು ಮನೆಗೆ ತರಬೇಡಿ. ಸೆಟ್ಟನ್ನು ನೀರು ತಾಗದ ಚೀಲದಲ್ಲಿ ಹಾಕಿ ಮೈಗೆ ಕಟ್ಟಿಕೊಳ್ಳಿ, ದೋಣಿಗೆ ಕಟ್ಟಬೇಡಿ. ಹೊರಡುವ ಮುನ್ನ ಬ್ಯಾಟರಿ ತುಂಬಿಸಿ, ದಡದವರೊಂದಿಗೆ ಒಂದು ಮಾತಾಡಿ ನೋಡಿ. ತಮಾಷೆಗೆ ಎಂದೂ ಅಪಾಯದ ಕರೆ ಕೊಡಬೇಡಿ. ನಿಜವಾದ ಅಪಾಯ ಬಂದಾಗ ನಾಚಬೇಡಿ, ಅಳುಕಬೇಡಿ. ಆಗಿದ್ದನ್ನು ಆಗಿದ್ದ ಹಾಗೆ ಹೇಳಿ. ಹೇಳಿ ಬೆರಳು ಎತ್ತಿ.

ಮತ್ತೆ ದೋಣಿ ಹತ್ತುವವರಿಗೆ ಒಂದು ಮಾತು. ಹತ್ತುವ ಮೊದಲು ದೋಣಿಯವನನ್ನು ಕೇಳಿ, "ನೀನು ಕೂಗಿದ್ರೆ ಕೇಳಿಸ್ಕೊಳ್ಳಾಕೆ ದಡದಲ್ಲಿ ಯಾರು ಕುಂತವ್ರೆ?" ಅವನು ಒಂದು ಹೆಸರು ಹೇಳಬೇಕು. ಹೇಳದಿದ್ದರೆ ಹತ್ತಬೇಡಿ.